ಶೀಳ್‌ಫಾಟಾದಲ್ಲಿ ನಾನೂರು ಕುದುರೆ

ಇಂಜಿನ್ ದೊಡ್ಡದಾದಷ್ಟೂ ಮೈಲೇಜ್ ಕಡಿಮೆ ಎನ್ನುವುದು ಪೆಟ್ರೋಲ್ ಪಂಪಿನಲ್ಲಿ ಎಲ್ಲರೂ ಒಪ್ಪುವ ಮಾತು. ಮಾತು ಸುಳ್ಳಲ್ಲ. ಆದರೆ ಯಾಕೆ ಎಂದು ಕೇಳಿದರೆ ಬರುವ ಉತ್ತರ ಅರ್ಧ ಮಾತ್ರ ಸರಿ: ‘ಶಕ್ತಿ ಜಾಸ್ತಿ, ಅದಕ್ಕೇ ಕುಡಿಯುತ್ತದೆ’. 2016ರಲ್ಲಿ ಫೋರ್ಡ್ ಕಂಪನಿ ಭಾರತದಲ್ಲಿ ಮಾರಾಟಕ್ಕಿಟ್ಟ ಮಸ್ಟ್ಯಾಂಗ್ ಜಿಟಿಯನ್ನೇ ನೋಡಿ. ಐದು ಲೀಟರಿನ ವಿ8 ಇಂಜಿನ್, ಸುಮಾರು 400 ಅಶ್ವಶಕ್ತಿ. ಸುಮಾರು 1,700 ಕಿಲೋ ತೂಗುವ ಇಂಥ ಕಾರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವಾಗ ಗಾಳಿಯ ಮತ್ತು ಟೈರಿನ ತಡೆಯನ್ನು ಮೀರಲು ಬೇಕಾಗುವುದು, ಲೆಕ್ಕ ಹಾಕಿದರೆ, ಏಳೆಂಟು ಅಶ್ವಶಕ್ತಿ. ಒಂದು ಸ್ಕೂಟರಿನಲ್ಲಿ ಇರುವಷ್ಟು! ಉಳಿದ ಕುದುರೆಗಳಿಗೆ ಆಗ ಕೆಲಸವೇ ಇಲ್ಲ. ಪೆಟ್ರೋಲ್ ಸೋರುವುದು ಆ ಕುದುರೆಗಳು ಓಡುವುದರಿಂದಲ್ಲ, ಓಡದೆ ಲಾಯದಲ್ಲಿ ನಿಂತಿರುವುದರಿಂದ.

ಪೆಟ್ರೋಲ್ ಇಂಜಿನ್ನಿನಲ್ಲಿ ಶಕ್ತಿಯನ್ನು ಕಡಿಮೆ ಮಾಡುವುದೆಂದರೆ ಗಾಳಿಯ ದಾರಿಯನ್ನು ಥ್ರಾಟಲ್ ಕವಾಟದಿಂದ ಮುಚ್ಚಿಹಿಡಿಯುವುದು. ಅರೆಮುಚ್ಚಿದ ಆ ಬಾಯಿಂದ ಗಾಳಿ ಎಳೆದುಕೊಳ್ಳುವುದಕ್ಕೇ ಎಂಟು ಸಿಲಿಂಡರುಗಳು ಒದ್ದಾಡುತ್ತವೆ. ಪಿಸ್ಟನ್ನು, ಬೇರಿಂಗುಗಳ ಘರ್ಷಣೆ ಬೇರೆ. ಹೊರೆ ಚೆನ್ನಾಗಿರುವಾಗ ಪೆಟ್ರೋಲಿನ ಶಕ್ತಿಯಲ್ಲಿ ಮೂರನೇ ಒಂದು ಪಾಲನ್ನು ಕೆಲಸವಾಗಿಸುವ ಇಂಜಿನ್, ಹೊರೆ ಹಗುರಾದಾಗ ಅದರ ಅರ್ಧಕ್ಕೂ ಇಳಿಯುತ್ತದೆ. ಮದುವೆ ಮನೆಯ ಕೊಪ್ಪರಿಗೆ ಒಲೆ ಹಚ್ಚಿ ಒಂದು ಲೋಟ ಕಾಫಿ ಕಾಯಿಸಿದ ಹಾಗೆ.

ಮಸ್ಟ್ಯಾಂಗ್‌ನಂಥ ಮಸಲ್ ಕಾರುಗಳ ತವರಾದ ಅಮೆರಿಕ ಇದಕ್ಕೆ ಮದ್ದು ಹುಡುಕಲು ತೊಡಗಿ ಅರ್ಧ ಶತಮಾನವಾಯಿತು. 1973ರ ತೈಲ ಬಿಕ್ಕಟ್ಟಿನ ಬಿಸಿ ತಟ್ಟಿದ ಮೇಲೆ, 1978ರ ಕಾನೂನಿನಲ್ಲಿ ಹೆಚ್ಚು ಪೆಟ್ರೋಲ್ ಕುಡಿಯುವ ಕಾರುಗಳ ಮೇಲೆ ತೆರಿಗೆಯೇ ಬಂತು. ಈಗ ಅದರ ಗಡಿ ಗ್ಯಾಲನ್ನಿಗೆ 22.5 ಮೈಲಿ, ಅಂದರೆ ಲೀಟರಿಗೆ ಹತ್ತಿರಹತ್ತಿರ ಒಂಬತ್ತೂವರೆ ಕಿ.ಮೀ. ತಪ್ಪಿಸಿಕೊಳ್ಳಲು ಷೆವರ್ಲೆ ಕಂಪನಿ ಕಾರ್ವೆಟ್‌ನಲ್ಲಿ ಒಂದು ತಮಾಷೆಯ ಉಪಾಯ ಮಾಡಿತು: ಮೆಲ್ಲಗೆ ಹೋಗುತ್ತಿದ್ದರೆ ಗೇರು ಒಂದರಿಂದ ಎರಡಕ್ಕೆ ಬೀಳಲು ಬಿಡದೆ ನೇರ ನಾಲ್ಕಕ್ಕೆ ತಳ್ಳುವ ಬೀಗ. ಇಂಜಿನ್ ನಿಧಾನ ತಿರುಗಿ ಹೊರೆ ಹೊತ್ತರೆ ದಕ್ಷತೆ ಏರುತ್ತದೆಂಬ ತತ್ವ ಸರಿಯೇ. ಮಾಲೀಕರು ಮಾತ್ರ ಬೀಗ ಮುರಿಯುವ ಬಿಡಿಭಾಗವನ್ನು ಕಾಸು ಕೊಟ್ಟು ಹಾಕಿಸಿಕೊಂಡರು. ಇನ್ನೊಂದು ಮದ್ದು, ಬೇಡದ ಸಿಲಿಂಡರುಗಳನ್ನು ಮಲಗಿಸುವುದು. 1981ರಲ್ಲಿ ಕ್ಯಾಡಿಲಾಕ್ ಮಾಡಿದ ಪ್ರಯತ್ನ ಅಂದಿನ ಕಂಪ್ಯೂಟರಿನ ಕೈಲಾಗದೆ ಸೋತಿತು. 2000ದ ದಶಕದಲ್ಲಿ ಕ್ರೈಸ್ಲರ್, ಜನರಲ್ ಮೋಟಾರ್ಸ್ ಕೈಯಲ್ಲಿ ಗೆದ್ದಿತು. ಅದೇ ವಿದ್ಯೆ ಚಿಕ್ಕ ರೂಪದಲ್ಲಿ ಪುಣೆಯ ಚಾಕಣದಲ್ಲಿ ತಯಾರಾಗುವ ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾ ಕಾರುಗಳ 150 ಅಶ್ವಶಕ್ತಿಯ ಒಂದೂವರೆ ಲೀಟರ್ ಟರ್ಬೊ ಇಂಜಿನ್ನಿನಲ್ಲೂ ಇದೆ. ಹೊರೆ ಹಗುರಾದಾಗ ನಾಲ್ಕರಲ್ಲಿ ನಡುವಿನ ಎರಡು ಸಿಲಿಂಡರುಗಳು ಸುಮ್ಮನಾಗುತ್ತವೆ.

ಆದರೆ ಈ ಮದ್ದುಗಳೆಲ್ಲ ಒಂದು ಷರತ್ತಿನ ಮೇಲೆ ನಿಂತಿವೆ: ಕಾರು ಒಂದೇ ಹದದಲ್ಲಿ ಓಡುತ್ತಿರಬೇಕು. ಮುಂಬೈ ಪಕ್ಕದ ವಾಶಿಯಿಂದ ಬೇಲಾಪುರದ ಕಡೆಗೆ ಪಾಮ್ ಬೀಚ್ ರಸ್ತೆಯಲ್ಲೋ, 21.8 ಕಿ.ಮೀ. ಉದ್ದದ ಅಟಲ್ ಸೇತುವಿನಲ್ಲೋ ಓಡೀತು. ಕಲ್ಯಾಣ್-ಶೀಳ್ ರಸ್ತೆಯ ಕಥೆ ಬೇರೆ. ಕಟಾಯಿ ನಾಕಾದ ಆಸುಪಾಸಿನಲ್ಲಿ ಮೆಟ್ರೊ ಕಾಮಗಾರಿಯ ತಗಡಿನ ಬೇಲಿ, ಶೀಳ್‌ಫಾಟಾದಲ್ಲಿ ಮುಂಬ್ರಾ ಬೈಪಾಸಿನ ಕಡೆಯಿಂದ ಬಂದು ಸೇರುವ ಕಂಟೇನರ್ ಲಾರಿಗಳು, ನಡುವೆ ನುಗ್ಗುವ ರಿಕ್ಷಾಗಳು. ಠಾಣೆಯ ಘೋಡ್‌ಬಂದರ್ ರಸ್ತೆಯೂ ಸಂಜೆ ಹೊತ್ತು ಬೇರೇನಲ್ಲ. ಅಮೆರಿಕದ ಇಂಧನ ಇಲಾಖೆಯ ಅಂಕಿಯಂತೆ ಎರಡು ಲೀಟರಿನ ಕಾರು ನಿಂತಲ್ಲೇ ಉರಿದರೆ ಗಂಟೆಗೆ ಸುಮಾರು 0.6 ಲೀಟರ್ ಪೆಟ್ರೋಲ್ ಸುಡುತ್ತದೆ, 4.6 ಲೀಟರಿನ ದೊಡ್ಡ ಕಾರು ಸುಮಾರು 1.5 ಲೀಟರ್, ಅದೂ ಎಸಿ ಹಾಕದೆ. ಗಂಟೆಗೆ 10 ಕಿ.ಮೀ. ತೆವಳುವ ದಾರಿಯಲ್ಲಿ, ಮುಂದೆ ಸರಿಯಲು ಪೆಟ್ರೋಲೇ ಬೇಡ ಎಂದಿಟ್ಟುಕೊಂಡರೂ, ಆ ಇಂಜಿನ್ನಿನ ಮೈಲೇಜ್ ಏಳನ್ನು ಮುಟ್ಟಲಾರದು. ಯಾವ ಗೇರೂ ಯಾವ ಸಿಲಿಂಡರ್ ವಿದ್ಯೆಯೂ ಈ ಲೆಕ್ಕದಿಂದ ಪಾರು ಮಾಡುವುದಿಲ್ಲ.

ಎರಡನೆಯ ಸೋರಿಕೆ ಬ್ರೇಕಿನದು. ಅದೇ 1,700 ಕಿಲೋ ಕಾರನ್ನು ನಿಂತಲ್ಲಿಂದ 60 ಕಿ.ಮೀ. ವೇಗಕ್ಕೆ ಒಯ್ಯಲು ಬೇಕಾದ ಚಲನಶಕ್ತಿ ಸುಮಾರು 236 ಕಿಲೋಜೂಲ್. ಪೆಟ್ರೋಲಿನ ಶಕ್ತಿಯಲ್ಲಿ ಐದನೇ ಒಂದು ಪಾಲು ಚಕ್ರ ತಲುಪುತ್ತದೆ ಎಂದುಕೊಂಡರೆ ಅದಕ್ಕೆ ಖರ್ಚು 40 ಮಿಲಿಲೀಟರಿನಷ್ಟು. ಬ್ರೇಕ್ ಒತ್ತಿದ ಕೂಡಲೇ ಅದಷ್ಟೂ ಡಿಸ್ಕಿನ ಬಿಸಿಯಾಗಿ ಹೋಗುತ್ತದೆ. ಇಂಥ ಇಪ್ಪತ್ತೈದು ಎಳೆತ-ನಿಲುಗಡೆಗೆ ಒಂದು ಲೀಟರ್. ವೇಗ 30ಕ್ಕೆ ನಿಂತರೆ ನಷ್ಟ ಅರ್ಧವಲ್ಲ, ಕಾಲುಭಾಗ. ಬಲವಾದ ಕಾರಿನ ನಿಜವಾದ ದುಬಾರಿತನ ಇಲ್ಲಿದೆ: ಎರಡು ಸ್ಪೀಡ್ ಬ್ರೇಕರುಗಳ ನಡುವಿನ ಜಾಗದಲ್ಲಿ ಸಣ್ಣ ಕಾರು 35 ಮುಟ್ಟುವಷ್ಟರಲ್ಲಿ ಇದು 60 ದಾಟಿರುತ್ತದೆ, ಮತ್ತೆ ಅದನ್ನೆಲ್ಲ ಬ್ರೇಕಿಗೆ ಒಪ್ಪಿಸಬೇಕಾಗುತ್ತದೆ. ಆದ್ದರಿಂದ ಈ ಊರುಗಳಲ್ಲಿ ಮೈಲೇಜ್ ಸುಧಾರಣೆ ಶುರುವಾಗಬೇಕಾದದ್ದು ಬಾನೆಟ್ಟಿನ ಕೆಳಗಲ್ಲ, ಮುಂದಿನ ಸಿಗ್ನಲ್ ಕೆಂಪಾಗಿದೆಯೇ ಎಂದು ದೂರದಿಂದಲೇ ನೋಡಿ ಕಾಲೆತ್ತುವುದರಲ್ಲಿ. ಗೇರಿನಲ್ಲೇ ಇದ್ದು ಕಾಲೆತ್ತಿದರೆ ಇಂದಿನ ಇಂಜೆಕ್ಷನ್ ಇಂಜಿನ್ನುಗಳು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತವೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಉಳಿತಾಯ ಎಂಬ ಹಳೆಯ ಡ್ರೈವರುಗಳ ನಂಬಿಕೆ ಈಗ ತಲೆಕೆಳಗು. ನ್ಯೂಟ್ರಲ್‌ನಲ್ಲಿ ಇಂಜಿನ್ ಉಸಿರಾಡಲು ಪೆಟ್ರೋಲ್ ಬೇಕೇಬೇಕು, ಅಪಾಯವೂ ಜೊತೆಗೆ.

ಇಷ್ಟೆಲ್ಲ ಯಾಕೆ, ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲ್ ಹಾಕಿ, ಇಂಜಿನ್ನಿನ ಕಂಪ್ಯೂಟರಿನ ಲೆಕ್ಕ ಬದಲಿಸಿ ರೀಮ್ಯಾಪ್ ಮಾಡಿಸಿದರೆ ಸಾಲದೇ ಎನ್ನುವವರಿದ್ದಾರೆ. ಆಕ್ಟೇನ್ ಅಂಕೆ ಹೇಳುವುದು ಪೆಟ್ರೋಲ್ ಎಷ್ಟು ಒತ್ತಡ ತಡೆಯುತ್ತದೆಂದು, ಅದರೊಳಗೆ ಎಷ್ಟು ಶಕ್ತಿಯಿದೆ ಎಂದಲ್ಲ. ಹೆಚ್ಚಿನ ಆಕ್ಟೇನ್ ಬೇಡುವ ಟರ್ಬೊ ಇಂಜಿನ್ನಿಗೆ ಪ್ರಯೋಜನ ಉಂಟು, ಮಿಕ್ಕವಕ್ಕೆ ಖರ್ಚಷ್ಟೇ. ರೀಮ್ಯಾಪ್ ಸಾಮಾನ್ಯವಾಗಿ ಮುಟ್ಟುವುದು ಪೂರ್ಣ ಬಲದ ಹೊತ್ತನ್ನು. ಶೀಳ್‌ಫಾಟಾದಲ್ಲಿ ಆ ಹೊತ್ತು ಬರುವುದೇ ಇಲ್ಲ. ‘ಎಪ್ಪತ್ತು ಲಕ್ಷ ಕೊಟ್ಟವನಿಗೆ ಮೈಲೇಜ್ ಚಿಂತೆಯೇ’ ಎಂಬ ಇನ್ನೊಂದು ಆಕ್ಷೇಪ ಹೊಸ ಕಾರಿನ ಮಟ್ಟಿಗೆ ಸರಿ. ಅದೇ ಕಾರು ಎರಡನೇ, ಮೂರನೇ ಕೈಗೆ ಬಂದಾಗ ಬೆಲೆ ಇಳಿದಿರುತ್ತದೆ, ಇಂಜಿನ್ನಿನ ಬಾಯಾರಿಕೆ ಇಳಿದಿರುವುದಿಲ್ಲ. ಹೊಗೆಯಂತೂ ಹಣ ಕೊಟ್ಟವನ ಮೂಗಿಗೆ ಮಾತ್ರ ಹೋಗುವುದಿಲ್ಲ.

ಇನ್ನು, ಕಾರು ನಿಂತಾಗ ಇಂಜಿನ್ನನ್ನು ತಾನೇ ಆರಿಸಿ ಹೊರಡುವಾಗ ಹಚ್ಚುವ ಸ್ಟಾರ್ಟ್-ಸ್ಟಾಪ್ ವ್ಯವಸ್ಥೆ. ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತರೆ ಆರಿಸಿ ಹಚ್ಚುವುದೇ ಲಾಭ ಎಂದು ಅಮೆರಿಕದ ಆರ್ಗಾನ್ ಪ್ರಯೋಗಾಲಯ ತೋರಿಸಿದೆ. ಮೇ ತಿಂಗಳ ಡೊಂಬಿವಲಿಯಲ್ಲಿ ಇಂಜಿನ್ ಆರಿದರೆ ಎಸಿಯೂ ತಣ್ಣಗಿನ ಗಾಳಿ ನಿಲ್ಲಿಸುತ್ತದೆ; ಜನ ಬಟನ್ ಒತ್ತಿ ಆ ವ್ಯವಸ್ಥೆಯನ್ನೇ ಆಫ್ ಮಾಡಿಕೊಳ್ಳುವುದನ್ನು ತಪ್ಪೆನ್ನಲಾಗದು. ಇಲ್ಲಿ ಗೆಲ್ಲುವುದು ಹೈಬ್ರಿಡ್: ಬ್ರೇಕಿನ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿಸಿ, ಅದೇ ಬ್ಯಾಟರಿಯಿಂದ ಎಸಿ ಓಡಿಸುತ್ತದೆ. ಮರ್ಸಿಡಿಸ್ ತನ್ನ ಸಿ63 ಎಎಂಜಿಯಲ್ಲಿ ವಿ8 ಕೈಬಿಟ್ಟು ಎರಡು ಲೀಟರ್ ಇಂಜಿನ್ನಿಗೆ ಮೋಟಾರ್ ಜೋಡಿಸಿ 680 ಅಶ್ವಶಕ್ತಿ ತೆಗೆಯಿತು. ತೂಕ ಎರಡು ಟನ್ ದಾಟಿತು, ಹಳೆಯ ಅಭಿಮಾನಿಗಳು ಮುನಿಸಿಕೊಂಡರು. ಹೆದ್ದಾರಿಯಲ್ಲಿ ಆ ತೂಕ ಬರೀ ಹೊರೆ ಎಂಬ ಅವರ ದೂರು ನಿಜ. ನಿಂತು ಹೊರಡುವ ದಾರಿಯಲ್ಲಿ ಹಾಗಲ್ಲ, ತೂಕಕ್ಕೆ ಸುರಿದ ಶಕ್ತಿಯಲ್ಲಿ ಒಂದಿಷ್ಟು ವಾಪಸು ಬರುತ್ತದೆ.

ಈಗಾಗಲೇ ವಿ8 ಇಟ್ಟುಕೊಂಡವರಿಗೆ ಹೈಬ್ರಿಡ್‌ನ ದಾರಿ ಇಲ್ಲ. ಅವರ ಕಾರು ಮೈಲೇಜ್ ತೋರಿಸುವುದು ಊರಿಗೆ ಹೊರಟಾಗ: ಪನ್ವೇಲಿನಿಂದ 66ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಮಂಗಳೂರಿನ ಕಡೆಗೆ, ಇಲ್ಲವೇ ಭಿವಂಡಿ ತಾಲೂಕಿನ ಆಮಣೆಯಿಂದ ಶುರುವಾಗುವ ಸಮೃದ್ಧಿ ಮಾರ್ಗದಲ್ಲಿ. ಸಮೃದ್ಧಿಯಲ್ಲಿ 120 ಕಿ.ಮೀ. ಮಿತಿಯಿದೆ ಎಂದು 120ರಲ್ಲೇ ಹೋಗಬೇಕೆಂದಿಲ್ಲ. 100ರಿಂದ 120ಕ್ಕೆ ಏರಿದರೆ ಪ್ರತಿ ಕಿಲೋಮೀಟರಿಗೆ ಮೀರಬೇಕಾದ ತಡೆ ಹೆಚ್ಚುಕಡಿಮೆ ಶೇಕಡಾ 30ರಷ್ಟು ಹೆಚ್ಚುತ್ತದೆ. ಇಂಜಿನ್ನಿನ ದಕ್ಷತೆಯೂ ಕೊಂಚ ಏರುವುದರಿಂದ ಪೆಟ್ರೋಲ್ ಖರ್ಚು ಅಷ್ಟೇ ಏರುವುದಿಲ್ಲ, ಆದರೂ ಏರುತ್ತದೆ; ನೂರು ಕಿ.ಮೀ. ದಾರಿಯಲ್ಲಿ ಉಳಿಯುವ ಸಮಯ ಹತ್ತೇ ನಿಮಿಷ. ಆ ಹತ್ತು ನಿಮಿಷವನ್ನು ಮರಳಿ ಬರುವಾಗ ಕಟಾಯಿ ನಾಕಾ ಒಂದೇ ನುಂಗಿಹಾಕುತ್ತದೆ.