ಅಟ್ಟದಲ್ಲಿರುವ ಹಳೇ ಹೊಲಿಗೆ ಯಂತ್ರಕ್ಕೆ ನಿಜಕ್ಕೂ ಲಕ್ಷ ಬೆಲೆಯೇ? ಗುರುತಿಸುವುದು, ಮತ್ತೆ ಓಡಿಸುವುದು ಹೀಗೆ

ಅಜ್ಜಿಯ ಕಾಲದ, ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ನಿಮ್ಮ ಮನೆಯಲ್ಲಿದೆಯೇ? ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಡುವ ಮೊದಲು ಒಮ್ಮೆ ನೋಡಿ. ‘ಹಳೇ ಸಿಂಗರ್‌ಗೆ ಲಕ್ಷಗಟ್ಟಲೆ ಕೊಡುತ್ತೇವೆ’ ಎಂಬ ಸಂದೇಶ ನಂಬಿ ಯಾರಿಗಾದರೂ ಮುಂಗಡ ಶುಲ್ಕ ಕಟ್ಟುವ ಮೊದಲಂತೂ ಖಂಡಿತ ನೋಡಿ.

ಈ ಲಕ್ಷದ ಕಥೆ ಹೊಸದೇನಲ್ಲ. ಹಳೇ ಸಿಂಗರ್ ಯಂತ್ರಗಳಲ್ಲಿ ‘ಕೆಂಪು ಪಾದರಸ’ ಇದೆ ಎಂಬ ವದಂತಿ 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಬ್ಬಿತ್ತು. ಮೊಬೈಲ್ ಹತ್ತಿರ ಹಿಡಿದರೆ ಅದು ಇದೆಯೋ ಇಲ್ಲವೋ ಗೊತ್ತಾಗುತ್ತದೆ ಎಂದೂ ಜನ ನಂಬಿದ್ದರು. ಯಂತ್ರಗಳ ಬೆಲೆ ದಿಢೀರ್ ಗಗನಕ್ಕೇರಿತು. ಆದರೆ ಆ ಯಂತ್ರದಲ್ಲಿ ಇರುವುದು ಎರಕದ ಕಬ್ಬಿಣ, ಉಕ್ಕು, ಒಂದಿಷ್ಟು ಎಣ್ಣೆ. ಅಪರೂಪದ ವಸ್ತು ಎನ್ನಲೂ ಆಗದು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಸಿಂಗರ್ ಕಾರ್ಖಾನೆಯೊಂದೇ 1913ರಲ್ಲಿ 10 ಲಕ್ಷಕ್ಕೂ ಹೆಚ್ಚು ಯಂತ್ರ ತಯಾರಿಸಿತ್ತು. ಹಾಗಾಗಿ ಸಾಮಾನ್ಯ ಮಾದರಿಗೆ ಸಂಗ್ರಹಕಾರರು ಲಕ್ಷ ಕೊಡುವುದಿಲ್ಲ. ಅದರ ನಿಜವಾದ ಬೆಲೆ ಬೇರೆ ಕಡೆ ಇದೆ: ಸರಿಪಡಿಸಿದರೆ ಅದು ಇವತ್ತಿಗೂ ಹೊಲಿಯುತ್ತದೆ. ಯಂತ್ರಗಳ ಬಗ್ಗೆ ಅಷ್ಟೊಂದು ಅನುಮಾನವಿದ್ದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು.

ವಯಸ್ಸು ತಿಳಿಯುವುದು ಹೇಗೆ?

ಸಿಂಗರ್ ಆಗಿದ್ದರೆ ಕೆಲಸ ಸುಲಭ. ಯಂತ್ರದ ಬಲಬದಿಯ ಕಂಬದ ಬುಡದಲ್ಲಿ, ತಳದ ಮೇಲೆ ಸರಣಿ ಸಂಖ್ಯೆ ಒತ್ತಿರುತ್ತದೆ. ಧೂಳು, ಜಿಡ್ಡು ಒರೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ಬರೀ ಅಂಕಿಗಳಿದ್ದರೆ ಅದು 1900ಕ್ಕಿಂತ ಹಿಂದಿನದು. ಆಮೇಲಿನವುಗಳಿಗೆ ಅಂಕಿಯ ಮುಂದೆ ಅಕ್ಷರವಿದೆ. ‘ವೈ’ ಎಂದಿದ್ದರೆ ಕ್ಲೈಡ್‌ಬ್ಯಾಂಕ್‌ನಲ್ಲಿ 1920 ಅಥವಾ 30ರ ದಶಕದಲ್ಲಿ ತಯಾರಾದದ್ದು. ‘ಇಇ’ ಎಂದಿದ್ದರೆ 1940ರ ದಶಕದ ಉತ್ತರಾರ್ಧದ್ದು, ಅಂದರೆ ನಮಗೆ ಸ್ವಾತಂತ್ರ್ಯ ಬಂದ ಆಸುಪಾಸಿನದು.

ಒಂದು ಎಚ್ಚರಿಕೆ. ಸೂಜಿಯ ಪಕ್ಕದ ಜಾರುವ ತಗಡಿನ ಮೇಲೆ ಕೆಲವೊಮ್ಮೆ 1880ರ ದಶಕದ ಇಸವಿಗಳು ಕೆತ್ತಿರುತ್ತವೆ. ಅವು ಪೇಟೆಂಟ್ ಪಡೆದ ವರ್ಷಗಳು, ತಯಾರಿಕೆಯ ವರ್ಷವಲ್ಲ. ಮುಂಬೈನ ಚೋರ್ ಬಜಾರ್‌ನಲ್ಲೋ ಪುಣೆಯ ಜುನಾ ಬಜಾರ್‌ನಲ್ಲೋ ಮಾರುವವರು ಆ ಇಸವಿಯನ್ನೇ ತೋರಿಸಿ ಬೆಲೆ ಹೇಳಿದರೆ ಸರಣಿ ಸಂಖ್ಯೆ ಕೇಳಿ. ಕಪ್ಪು ಮೈ, ಬಂಗಾರದ ಚಿತ್ತಾರ ಇದ್ದ ಮಾತ್ರಕ್ಕೆ ಹಳೆಯದೂ ಅಲ್ಲ. ಅದೇ ರೂಪದ ಹೊಸ ಯಂತ್ರ ನಮ್ಮ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ.

ಮಾದರಿ ತಿಳಿಯಲು ಬಾಬಿನ್ ನೋಡಿ. ಉದ್ದನೆಯ ಶಟಲ್ ಒಳಗೆ ಕಡ್ಡಿಯಂಥ ಉದ್ದ ಬಾಬಿನ್ ಇದ್ದರೆ ಅದು 27, 28ರಂಥ ಹಳೇ ಮಾದರಿ. ಗುಂಡು ಬಾಬಿನ್ ಎಡತುದಿಯಿಂದ ಒಳಸೇರಿ, ದಾರದ ಬಿಗಿ ಹೊಂದಿಸುವ ತಿರುಪೂ ಎಡತುದಿಯಲ್ಲೇ ಇದ್ದರೆ 15ನೇ ಮಾದರಿ. ನಮ್ಮಲ್ಲಿ ತಯಾರಾಗುವ ಕಪ್ಪು ಯಂತ್ರಗಳು ಹೆಚ್ಚಾಗಿ ಇದೇ ವಿನ್ಯಾಸದವು. ಹಾಗಾಗಿ ಬಿಡಿಭಾಗಗಳು ರಿಪೇರಿ ಅಂಗಡಿಯಲ್ಲೇ ಸಿಗುತ್ತವೆ. ಉದ್ದನೆಯ ಶಟಲ್‌ನದ್ದು ಹಾಗಲ್ಲ. ಕೊಳ್ಳುವಾಗ ಅದು ಒಳಗಿದೆಯೇ ಎಂದು ಮೊದಲು ನೋಡಿ. ಅದಿಲ್ಲದ ಯಂತ್ರ ಬರೀ ಷೋಕೇಸಿಗೆ.

ಹಿಡಿದುಕೊಂಡಿದೆ, ತಿರುಗುತ್ತಿಲ್ಲ!

ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ತುಕ್ಕಿಗಿಂತ ದೊಡ್ಡ ತೊಂದರೆ ಒಣಗಿದ ಎಣ್ಣೆ. ಕೈಗೆ ಸಿಕ್ಕಿತೆಂದು ಕೊಬ್ಬರಿ ಎಣ್ಣೆಯನ್ನೋ ಅಡುಗೆ ಎಣ್ಣೆಯನ್ನೋ ಹಾಕಿದ್ದರೆ ಅದು ಕಾಲಕ್ರಮೇಣ ಅಂಟಾಗಿ ಎಲ್ಲ ಕೀಲುಗಳನ್ನೂ ಹಿಡಿದಿಡುತ್ತದೆ. ಚಕ್ರವನ್ನು ಬಲವಂತವಾಗಿ ತಿರುಗಿಸಬೇಡಿ. ಪ್ರತಿ ಎಣ್ಣೆ ತೂತಿಗೂ, ಲೋಹಕ್ಕೆ ಲೋಹ ಉಜ್ಜುವ ಪ್ರತಿ ಜಾಗಕ್ಕೂ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿ, ಮತ್ತೆ ಎಣ್ಣೆ ಬಿಡಿ. ಚಕ್ರ ಒಂದು ನೂಲಿನಷ್ಟು ಅಲುಗಿದರೂ ಸಾಕು, ಉಳಿದದ್ದು ತಾಳ್ಮೆಯ ಕೆಲಸ. ಸೂಜಿ ತಗಡನ್ನು ಬಿಚ್ಚಿ ನೋಡುವುದನ್ನು ಮರೆಯಬೇಡಿ. ಅದರ ಕೆಳಗೆ ಬಟ್ಟೆ ಜೂಲು ಗಟ್ಟಿಯಾಗಿ ಕೂತಿರುತ್ತದೆ, ಎಷ್ಟೋ ಸಲ ಬಾಬಿನ್ ಬಳಿ ಸುತ್ತಿಕೊಂಡ ದಾರವೇ ಯಂತ್ರವನ್ನು ತಡೆದಿರುತ್ತದೆ.

ಹೆಚ್ಚಿನವರು ಹಾಳುಗೆಡವುವುದು ಬಂಗಾರದ ಚಿತ್ತಾರವನ್ನು. ಅದರ ಮೇಲೆ ಅರಗಿನ ತೆಳು ಲೇಪವಿದೆ. ಸ್ಪಿರಿಟ್ ಅಥವಾ ಥಿನ್ನರ್ ತಾಗಿದರೆ ಲೇಪ ಕರಗಿ ಚಿತ್ತಾರವೂ ಬಟ್ಟೆಗೆ ಬರುತ್ತದೆ, ಮತ್ತೆ ಸಿಗುವುದಿಲ್ಲ. ಹೊರಮೈಗೆ ಮೆತ್ತನೆಯ ಹತ್ತಿ ಬಟ್ಟೆ, ಅದೇ ಹೊಲಿಗೆ ಯಂತ್ರದ ಎಣ್ಣೆ ಸಾಕು. ಹೊಸ ಬಣ್ಣ ಹೊಡೆಸುವ ಆಸೆ ಬೇಡ. ಹಳೇ ಮೈಯ ಅಂದವೂ ಹೋಗುತ್ತದೆ, ಬೆಲೆಯೂ ಇಳಿಯುತ್ತದೆ. ಕಬ್ಬಿಣದ ಸ್ಟ್ಯಾಂಡಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿದರಾಯಿತು.

ಸೂಜಿ ಸಿಗುತ್ತದೆಯೇ ಎಂಬ ಚಿಂತೆ ಬೇಡ. 15, 27, 28, 66 ಮಾದರಿಗಳಿಗೆ ಇಂದಿನ ಮನೆಬಳಕೆ ಯಂತ್ರಗಳ ಸೂಜಿಯೇ ಸಾಕು, ಅಂಗಡಿಯಲ್ಲಿ ‘ಎಚ್‌ಎ’ ಎಂದು ಕೇಳಿ. ಉದ್ದ ತೋಡು ಇರುವ ಬದಿಯಿಂದಲೇ ದಾರ ಪೋಣಿಸಬೇಕು. ಹೊಲಿಗೆ ತಪ್ಪುತ್ತಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಸೂಜಿ ತಿರುಗುಮುರುಗಾಗಿದೆಯೇ ನೋಡಿ.

ಚರ್ಮದ ಬೆಲ್ಟ್ ಒಣಗಿ ಸೀಳಿದ್ದರೆ ಹೊಸದು ಹಾಕಿ. ದಪ್ಪ ಸುಮಾರು 5 ಮಿ.ಮೀ. ಇರಲಿ, ತುದಿಗಳನ್ನು ತಂತಿ ಕೊಂಡಿಯಿಂದ ಸೇರಿಸಬೇಕು. ತೀರಾ ಬಿಗಿ ಮಾಡಿದರೆ ತುಳಿಯಲು ಭಾರ, ಸಡಿಲವಾದರೆ ಜಾರುತ್ತದೆ. ಮೊದಲ ದಿನವೇ ಬಟ್ಟೆ ಇಡಬೇಡಿ. ಕೈಚಕ್ರದ ನಡುವಿನ ತಿರುಪು ಸಡಿಲಿಸಿದರೆ ಸೂಜಿ ಆಡದೆ ಚಕ್ರ ಮಾತ್ರ ತಿರುಗುತ್ತದೆ. ಹಾಗೆ ಬರಿದೇ ತುಳಿದು, ಚಕ್ರದ ಮೇಲ್ಭಾಗ ನಿಮ್ಮ ಕಡೆಗೇ ತಿರುಗುವಂತೆ ಕಾಲಿಗೆ ರೂಢಿ ಮಾಡಿಸಿ. ಹಿಂದಕ್ಕೆ ತಿರುಗಿದರೆ ದಾರ ಗಂಟಾಗುತ್ತದೆ. ರೂಢಿಯಾದ ಮೇಲೆ ತಿರುಪು ಬಿಗಿ ಮಾಡಿ, ಹಳೇ ಪಂಚೆಯ ಎರಡು ಮಡಿಕೆ ಇಟ್ಟು ಹೊಲಿದು ನೋಡಿ.