ಸಾಯದ ಇಲಿ ಮತ್ತು ಊರಿನಲ್ಲಿರುವ ಅಪ್ಪ



ಹೋದ ತಿಂಗಳು ಪುಣೆಯಿಂದ ಒಬ್ಬರು ಫೋನ್ ಮಾಡಿದ್ದರು. ಊರಿನಲ್ಲಿರುವ ತಂದೆಗೆ ಉರಿಮೂತ್ರ, ಎರಡು ದಿನದ ಚಳಿಜ್ವರ. "ಈಗ ಜ್ವರ ಬಿಟ್ಟಿದೆ ಡಾಕ್ಟ್ರೇ. ಏನೇನೋ ಮಾತಾಡ್ತಾರೆ ಅಷ್ಟೇ, ವಯಸ್ಸಾಯ್ತಲ್ಲ" ಅಂದರು. ವಯಸ್ಸಲ್ಲ, ಈಗಿಂದೀಗಲೇ ಆಸ್ಪತ್ರೆಗೆ ಸೇರಿಸಿ ಅಂದೆ. ಯಾಕೆ ಅಂತ ತಿಳಿಯಲು ಒಂದು ಇಲಿಯ ಕಥೆ ಕೇಳಿ.

ಉರಿಮೂತ್ರಕ್ಕೆ ಕಾರಣವಾಗುವ ಇ. ಕೋಲಿಯಂಥ ಬ್ಯಾಕ್ಟೀರಿಯಾಗಳ ಹೊರಪದರದಲ್ಲಿ ಎಲ್‌ಪಿಎಸ್ ಎಂಬ ವಸ್ತು ಇರುತ್ತದೆ. ಅದನ್ನು ಸಾಕಷ್ಟು ಚುಚ್ಚಿದರೆ ಇಲಿ ಸಾಯುತ್ತದೆ. 1985ರಲ್ಲಿ ಅಮೆರಿಕದ ಡಾ. ಬ್ರೂಸ್ ಬಾಯ್ಟ್ಲರ್ ಮತ್ತು ಸಂಗಡಿಗರು ತೋರಿಸಿದ್ದು ಇದು: ಕೊಲ್ಲುವುದರಲ್ಲಿ ದೊಡ್ಡ ಪಾಲು ದೇಹವೇ ಸುರಿಸುವ ಟಿಎನ್‌ಎಫ್ ಎಂಬ ಪ್ರೋಟೀನಿನದು.

ಹಾಗಾದರೆ ಎಲ್‌ಪಿಎಸ್ ಬಂದಿದೆ ಎಂದು ದೇಹಕ್ಕೆ ತಿಳಿಸುವವರು ಯಾರು? ಒಂದು ತಳಿಯ ಇಲಿಗೆ ಎಲ್‌ಪಿಎಸ್ ಎಷ್ಟು ಕೊಟ್ಟರೂ ಏನೂ ಆಗುತ್ತಿರಲಿಲ್ಲ. ಅದರ ಯಾವ ಜೀನ್ ಕೆಟ್ಟಿದೆ ಎಂದು ಡಾಲಸ್‌ನಲ್ಲಿ ಬಾಯ್ಟ್ಲರ್ ಐದು ವರ್ಷ ಹುಡುಕಿದರು. ಆಗಿನ ಕಾಲದಲ್ಲಿ ಅದು ಕಣಜದಲ್ಲಿ ಒಂದು ಕಾಳು ಹುಡುಕಿದ ಹಾಗೆ. 1998ರಲ್ಲಿ ಸಿಕ್ಕಿತು. ಟಿಎಲ್‌ಆರ್4 ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿತ್ತು. ಅದೇ ನಮ್ಮ ಜೀವಕೋಶಗಳ ಕರೆಗಂಟೆ. ಅದಕ್ಕೆ ಎರಡು ವರ್ಷ ಮೊದಲೇ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಹಣ್ಣಿನ ನೊಣದಲ್ಲಿ ಇದರ ದಾಯಾದಿ 'ಟೋಲ್' ಬೂಷ್ಟಿನಿಂದ ಕಾಪಾಡುತ್ತದೆ ಎಂದು ತೋರಿಸಿದ್ದರು. ಇಬ್ಬರಿಗೂ 2011ರ ನೊಬೆಲ್ ಬಂತು.

ಸ್ವಾರಸ್ಯ ಏನೆಂದರೆ, ಎಲ್‌ಪಿಎಸ್‌ಗೆ ಜಗ್ಗದ ಆ ಇಲಿ ಜೀವಂತ ಸಾಲ್ಮೊನೆಲ್ಲಾ ಹೊಕ್ಕರೆ ಬೇರೆ ಇಲಿಗಳಿಗಿಂತ ಬೇಗ ಸಾಯುತ್ತಿತ್ತು. ಗಂಟೆ ಬಾರಿಸದಿದ್ದರೆ ಕಳ್ಳ ಸಲೀಸಾಗಿ ಒಳಗೆ ಬರುತ್ತಾನೆ. ನಿಲ್ಲದೆ ಬಾರಿಸಿದರೆ ಬಿಪಿ ಕುಸಿದು, ಹೃದಯದ ಸ್ನಾಯು ಸೋತು, ಕಿಡ್ನಿ ಕೈಕೊಡುತ್ತದೆ. ಇದೇ ಸೆಪ್ಸಿಸ್. ("ಇಮ್ಯುನಿಟಿ ಹೆಚ್ಚಿಸುವ" ಪುಡಿ ಮಾರುವವರನ್ನು ಕೇಳಿ, ಯಾವ ಗಂಟೆಯನ್ನು ಎಷ್ಟು ಹೆಚ್ಚಿಸುತ್ತೀರಿ ಅಂತ.)

ಟಿಎಲ್‌ಆರ್4 ಅನ್ನೇ ತಡೆಯುವ ಎರಿಟೊರಾನ್ ಎಂಬ ಔಷಧಿ ಮಾಡಿದರು. 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದರಿಂದ ಸಾವು ಕಡಿಮೆಯಾಗಲಿಲ್ಲ. ನನಗನ್ನಿಸುವುದು, ರೋಗಿ ಐಸಿಯು ತಲುಪುವಷ್ಟರಲ್ಲಿ ಗಂಟೆ ಬಾರಿಸಿ ಆಗಿರುತ್ತದೆ. ಹಾಗಾಗಿ ಇವತ್ತಿಗೂ ನಮ್ಮ ಕೈಯಲ್ಲಿರುವುದು ಬೇಗ ಆ್ಯಂಟಿಬಯಾಟಿಕ್, ಬೇಗ ಡ್ರಿಪ್, ಬಿಪಿ ಏರಿಸುವ ಔಷಧಿ. ತಡವಾದಷ್ಟೂ ಕಷ್ಟ.

ವಯಸ್ಸಾದವರಿಗೆ ಸೆಪ್ಸಿಸ್‌ನಲ್ಲಿ ಜ್ವರವೇ ಇಲ್ಲದಿರಬಹುದು. ಆದ್ದರಿಂದ ಫೋನಿನಲ್ಲಿ "ಜ್ವರ ಎಷ್ಟು?" ಎಂದಷ್ಟೇ ಕೇಳಬೇಡಿ. ಮಾತು ತೊದಲುತ್ತಿದೆಯೇ, ಉಸಿರು ಜೋರಾಗಿದೆಯೇ, ಬೆಳಗಿನಿಂದ ಮೂತ್ರ ಹೋಗಿದೆಯೇ, ಕೈಕಾಲು ತಣ್ಣಗಿದೆಯೇ ಎಂದು ಕೇಳಿ. ಒಂದಕ್ಕೆ ಹೌದು ಅನ್ನಿಸಿದರೂ, ಮೂತ್ರ ಹೋಗಿಲ್ಲ ಅಂದರೂ ಬೆಳಗಾಗಲಿ ಅಂತ ಕಾಯಬೇಡಿ.

ಆ ಪುಣೆಯವರ ತಂದೆಯ ಬಿಪಿ ಆಸ್ಪತ್ರೆಯಲ್ಲಿ ನೋಡಿದಾಗ 80 ಇತ್ತು. ಐದು ದಿನದ ನಂತರ ಮನೆಗೆ ಹೋದರು.

ಇನ್ನೊಂದು ಮಾತು. ನೀವಿರುವ ಊರಿನಿಂದ 108 ಒತ್ತಿದರೆ ಕರೆ ಸಾಮಾನ್ಯವಾಗಿ ಅಲ್ಲಿನ ರಾಜ್ಯದ ಕೇಂದ್ರಕ್ಕೇ ಹೋಗುತ್ತದೆ. ಅಪ್ಪ ಅಮ್ಮನ ಪಕ್ಕದ ಮನೆಯವರ ನಂಬರ್ ಇಟ್ಟುಕೊಂಡು ಅವರಿಂದಲೇ ಮಾಡಿಸಿ.