ಜಲದ ಮೇಲೊಂದು ವಾನಪ್ರಸ್ಥ

ಇಂಗ್ಲೆಂಡಿನಲ್ಲಿ ಉದ್ಯೋಗದಿಂದ ನಿವೃತ್ತರಾಗಿ ಶೇಷಾಯುಷ್ಯವನ್ನು ಏಕಾಂಗಿಯಾಗಿ ಕಾಲುವೆಯ ಮೇಲೆ ಕಳೆಯಬಯಸುವವರು ಅರಸುವುದು, ಹದಿನೆಂಟನೆಯ ಶತಮಾನದಲ್ಲಿ ಸರಕು ಸಾಗಣೆಗೆಂದು ತೋಡಿದ ಕಾಲುವೆಗಳ ಇಕ್ಕಟ್ಟಾದ ಲಾಕುಗಳಿಗೆ (ನೀರಿನ ಮಟ್ಟ ಏರಿಳಿಸಿ ದೋಣಿ ದಾಟಿಸುವ ಕದಗಳುಳ್ಳ ಕಟ್ಟೆಗಳಿಗೆ) ಹೊಂದುವಂತೆ ಏಳಡಿಗೂ ತುಸು ಕಡಿಮೆ ಅಗಲದಲ್ಲಿ ರೂಪುಗೊಂಡ ‘ನ್ಯಾರೋಬೋಟ್’ ಎಂಬ ನೀಳವಾದ ದೋಣಿಯನ್ನು. 57 ಅಡಿ ಉದ್ದದ್ದು ಬಹುತೇಕ ಎಲ್ಲೆಡೆಯೂ ಸಂಚರಿಸೀತು. ಒಬ್ಬರ ವಾಸಕ್ಕೆ 45 ಅಡಿಯೇ ಸಾಕೆಂಬುದು ನನ್ನ ಮತ. ಒಳಗಿನ ಕಬ್ಬಿಣದ ಒಲೆ, ಹಿತ್ತಾಳೆಯ ಹೊಳಪು, ಬಾಗಿಲಿನ ಮೇಲೆ ಬರೆದ ಗುಲಾಬಿಗಳು ಎಷ್ಟೇ ಮನಸೆಳೆಯಲಿ, ದೋಣಿಯನ್ನು ನೀರಿನಿಂದ ಮೇಲೆತ್ತಿಸಿ ಅದರ ಉಕ್ಕಿನ ಒಡಲಿನ ದಪ್ಪವನ್ನು ಪರಿಣತರಿಂದ ಅಳೆಯಿಸದೆ ಹಣ ತೆರಲಾಗದು. ತುಕ್ಕು ತಿಂದು 4 ಮಿಲಿಮೀಟರಿಗಿಂತ ತೆಳುವಾದುದಕ್ಕೆ ಪೂರ್ಣ ವಿಮೆ ದೊರೆಯುವುದು ದುಸ್ತರ. ಸ್ಥಿರ ತಂಗುದಾಣವಿಲ್ಲದವರು ಸಾಮಾನ್ಯವಾಗಿ 14 ದಿನಗಳೊಳಗೆ ನೆಲೆ ಬದಲಿಸಬೇಕು. ಆದುದರಿಂದ ಕೊಳ್ಳುವ ಮುನ್ನ ಚಳಿಯಲ್ಲೊಂದು ವಾರ ಬಾಡಿಗೆಯ ದೋಣಿಯಲ್ಲಿದ್ದು, ಲಾಕಿನ ಭಾರವಾದ ಕದವನ್ನು ಒಬ್ಬರೇ ತಳ್ಳಿ ನೋಡಲಿ.